ಮರಿ ಮನೆಯದು, ಲಸಿಕೆ ಊರಿನದು

ಅಡಿಕೆಯ ಹಣ ವರ್ಷಕ್ಕೊಂದು ಸಲ ಕೈಗೆ ಬರುತ್ತದೆ. ಕಾಫಿಯದೂ ಅಷ್ಟೇ. ಉಳಿದ ದಿನಗಳಲ್ಲಿ ಉಪ್ಪು, ಸೋಪು, ಬಸ್ಸಿನ ಚಾರ್ಜು, ಮಕ್ಕಳ ಪುಸ್ತಕ ಪೆನ್ನು ಇವನ್ನೆಲ್ಲ ತೂಗಿಸಿಕೊಂಡು ಹೋಗುವುದು ಹಾಲಿನ ಹಣ ಮತ್ತು ಮೊಟ್ಟೆಯ ಹಣ. ಹಾಲಿನ ಲೆಕ್ಕ ಡೇರಿಯ ಪುಸ್ತಕದಲ್ಲಿರುತ್ತದೆ. ಮೊಟ್ಟೆಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅದು ಮನೆಯಾಕೆಯ ಸಾಸಿವೆ ಡಬ್ಬಿಯಲ್ಲಿರುತ್ತದೆ. ಪುಸ್ತಕಕ್ಕೆ ಏರದ ಕಾರಣದಿಂದಲೇ ಅಲ್ಲಿ ಆಗುವ ನಷ್ಟ ನಮ್ಮ ಸಭೆಗಳಲ್ಲಿ ಚರ್ಚೆಗೆ ಬರುವುದಿಲ್ಲ.

ಆ ನಷ್ಟ ಸಣ್ಣದಲ್ಲ. ಗುಬ್ಬಿ, ಕುಣಿಗಲ್, ತುಮಕೂರು ಸುತ್ತಿನ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ಹದಿನೈದು ಮರಿ ತಂದ್ವಿ, ಉಳಿದದ್ದು ನಾಲ್ಕು. ನಮ್ಮ ಮನೆಗೆ ಕೋಳಿ ಆಗಿಬರೋದಿಲ್ಲ ಬಿಡಿ." ಈ ಮಾತನ್ನು ನಾವು ಒಪ್ಪುವುದಿಲ್ಲ. ಕೋಳಿ ಆಗಿಬರದ ಮನೆ ಎಂಬುದಿಲ್ಲ. ಮರಿಗಳು ಸಾಯುವುದು ಹೆಚ್ಚಾಗಿ ಎರಡು ಘಟ್ಟಗಳಲ್ಲಿ: ಹುಟ್ಟಿದ ಮೊದಲ ಆರು ವಾರಗಳಲ್ಲಿ, ಮತ್ತು ಹಳೆಯ ಕೋಳಿಗಳ ನಡುವೆ ಬಿಟ್ಟ ಮೊದಲ ಕೆಲವು ದಿನಗಳಲ್ಲಿ. ಮೊದಲನೆಯ ಘಟ್ಟವನ್ನು ಒಂಟಿಯಾಗಿ ದಾಟಿಸುವುದು ಕಷ್ಟ. ಅದಕ್ಕೆ ಊರು ಕೂಡಬೇಕು. ಎರಡನೆಯದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ಇದೇ ನಮ್ಮ ವಾದ.

ಕೋಳಿ ಸಾಕದ ಮನೆಗಳೂ ನಮ್ಮ ಸದಸ್ಯರಲ್ಲಿ ಅನೇಕ ಇವೆ. ಅದು ಅವರವರ ಆಚಾರ. ಅದರ ಬಗ್ಗೆ ನಮ್ಮದೇನೂ ಮಾತಿಲ್ಲ. ಆದರೆ ಆ ಬಂಧುಗಳ ತೋಟದಂಚಿನಲ್ಲಿ ವಾಸವಿರುವ ಕೆಲಸಗಾರರ ಗುಡಿಸಲ ಮುಂದೆಯೂ ನಾಲ್ಕು ಕೋಳಿ ಕೆದಕುತ್ತಿರುತ್ತವೆ. ಆದ್ದರಿಂದ ಅವರೂ ಇದನ್ನು ಓದಬೇಕೆಂದು ಕೋರುತ್ತೇವೆ.

ಮೊದಲು ಮರಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಜಾತ್ರೆಯಲ್ಲಿ ಬಣ್ಣ ಬಳಿದು ಮಾರುವ ಅಗ್ಗದ ಮರಿಗಳು ಬಹುಮಟ್ಟಿಗೆ ಮೊಟ್ಟೆ ಫಾರಂಗಳಿಗೆ ಬೇಡವಾದ ಗಂಡು ಮರಿಗಳು. ಅವು ಮೊಟ್ಟೆ ಇಡುವುದಿಲ್ಲ, ಮಾಂಸವನ್ನೂ ಬೇಗ ತುಂಬಿಕೊಳ್ಳುವುದಿಲ್ಲ. ಮಕ್ಕಳ ಹಟಕ್ಕೆ ತಂದು ನಾಲ್ಕು ದಿನದಲ್ಲಿ ಹೂಳುವುದಕ್ಕಿಂತ ತಾರದಿರುವುದೇ ಮೇಲು. ಹಿತ್ತಲಿಗೆಂದೇ ತಯಾರಾದ ತಳಿಗಳು ನಮ್ಮ ನಾಡಿನಲ್ಲೇ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1980ರ ದಶಕದಲ್ಲಿ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಅದರ ಅನಂತರ ಬಂದ ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ಕೇಂದ್ರದ ವನರಾಜ ಇವು ಹೆಸರಾದವು. ನಮ್ಮ ನಾಟಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಗಿರಿರಾಜ ನೂರ ಮೂವತ್ತಕ್ಕೂ ಮೇಲೆ ಇಡಬಲ್ಲದು. ಆದರೆ ಈ ಸುಧಾರಿತ ತಳಿಗಳು ಕಾವಿಗೆ ಕೂರುವುದು ಅಪರೂಪ. ಕಾವು ಕೂತು ಮರಿ ಮಾಡಿ, ಹದ್ದು ಬಂದರೆ ರೆಕ್ಕೆ ಬಿಚ್ಚಿ ಎದುರು ನಿಲ್ಲುವ ವಿದ್ಯೆ ನಾಟಿ ಹ್ಯಾಟೆಗೆ ಮಾತ್ರ ಚೆನ್ನಾಗಿ ಗೊತ್ತು. ಆದ್ದರಿಂದ ಹೊಸ ತಳಿ ಬಂತೆಂದು ಮನೆಯ ನಾಟಿ ಹ್ಯಾಟೆಯನ್ನು ಕಳೆದುಕೊಳ್ಳಬೇಡಿ. ಹತ್ತು ಹನ್ನೆರಡು ಒಳ್ಳೆಯ ಮೊಟ್ಟೆಗಳನ್ನು ಅದರ ಕಾವಿಗಿಟ್ಟರೆ ಇಪ್ಪತ್ತೊಂದು ದಿನಕ್ಕೆ ಮರಿ. ತಂದ ಒಂದು ದಿನದ ಮರಿಗಳನ್ನೂ, ಆಗತಾನೆ ಮರಿ ಮಾಡಿದ ಹ್ಯಾಟೆಯ ರೆಕ್ಕೆಯಡಿಗೆ ರಾತ್ರಿಯ ಕತ್ತಲಲ್ಲಿ ಸದ್ದಿಲ್ಲದೆ ಸೇರಿಸಿದರೆ ಸಾಮಾನ್ಯವಾಗಿ ಬೆಳಿಗ್ಗೆ ತನ್ನವೇ ಎಂದು ಒಪ್ಪಿಕೊಳ್ಳುತ್ತದೆ.

ತಾಯಿ ಇಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅನಂತರ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ಹಿಂದೆ ಮಂಕರಿಯ ಮೇಲೆ ಅರವತ್ತು ವ್ಯಾಟಿನ ಹಳೆಯ ಬಲ್ಬು ತೂಗಿಬಿಟ್ಟರೆ ಸಾಕಾಗುತ್ತಿತ್ತು. ಈಗ ಮನೆಮನೆಯಲ್ಲಿ ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಬೇಕಾದಷ್ಟು ಕಾವು ಕೊಡುವುದಿಲ್ಲ. ಬಲ್ಬು ಉರಿಯುತ್ತಲೇ ಇದ್ದು ಮರಿಗಳು ಚಳಿಗೆ ಒಂದರ ಮೇಲೊಂದು ಬಿದ್ದು ಸತ್ತರೆ ಆಶ್ಚರ್ಯವಿಲ್ಲ. ಶಾಖಕ್ಕೆಂದೇ ಇರುವ ಬಲ್ಬನ್ನು ಕೇಳಿ ತರಬೇಕು. ಕರೆಂಟು ಹೋದಾಗ ಕೆಂಡ ತುಂಬಿದ ಮಡಕೆಯನ್ನು ಮರಿಗಳಿಗೆ ತಾಕದಂತೆ, ಹೊಗೆಯಿಲ್ಲದಂತೆ, ಗಾಳಿಯಾಡುವ ಜಾಗದಲ್ಲಿ ಇಡಬಹುದು. ಥರ್ಮಾಮೀಟರು ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಗುಂಪುಗೂಡಿ ಕೀಚುಗುಟ್ಟಿದರೆ ಚಳಿ. ದೂರ ಸರಿದು ಬಾಯಿ ತೆರೆದರೆ ಸೆಕೆ. ಹರಡಿಕೊಂಡು ತಿನ್ನುತ್ತಿದ್ದರೆ ಸರಿಯಾಗಿದೆ.

ನೆಲಕ್ಕೆ ಒಣಗಿದ ಭತ್ತದ ಹೊಟ್ಟನ್ನು ಎರಡು ಅಂಗುಲ ಹರಡಬೇಕು. ಅದು ನೆನೆದರೆ ರಕ್ತಭೇದಿ ಬಂತೆಂದೇ ತಿಳಿಯಿರಿ. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಮೇವು ಹಾಕಲು ಅಡಿಕೆ ಹಾಳೆ ಇದೆ. ದಿನಕ್ಕೊಂದು ಬದಲಿಸಿದರೂ ಖರ್ಚಿಲ್ಲ. ಅಕ್ಕಿ ನುಚ್ಚು, ರಾಗಿ ಹೊಟ್ಟೆ ತುಂಬಿಸುತ್ತವೆ, ಮೈ ಬೆಳೆಸುವುದಿಲ್ಲ. ಮೊದಲ ವಾರಗಳಲ್ಲಿ ಮರಿಯ ಸಿದ್ಧ ಮೇವನ್ನೇ ಕೊಡಬೇಕು. ಸ್ವಲ್ಪ ಬಲಿತ ಮೇಲೆ ನಮ್ಮ ಹಿರಿಯರ ಉಪಾಯ ಇದ್ದೇ ಇದೆ: ಹುಲ್ಲು, ಸಗಣಿ ತುಂಬಿದ ಮಡಕೆಯನ್ನು ನೆನೆಸಿ ತೋಟದ ಬದುವಿನಲ್ಲಿ ಕವುಚಿಟ್ಟರೆ ಗೆದ್ದಲು ತಾನಾಗಿ ಬಂದು ತುಂಬುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ರೋಗ ಒಂದೇ ವಾರದಲ್ಲಿ ಕೇರಿಯನ್ನೇ ಬರಿದು ಮಾಡುತ್ತದೆ. ಅದೇ ಕೊಕ್ಕರೆ ರೋಗ. ಕುಮಾವೂನ್ ಬೆಟ್ಟದ ರಾಣಿಖೇತದಲ್ಲಿ 1920ರ ದಶಕದಲ್ಲಿ ಗುರುತಿಸಲ್ಪಟ್ಟು ಅದೇ ಹೆಸರು ಪಡೆದ ರೋಗವಿದು. ಬಂದ ಮೇಲೆ ಔಷಧವಿಲ್ಲ. ಬರದಂತೆ ಲಸಿಕೆ ಉಂಟು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೆಯ ವಾರ ಮತ್ತೊಮ್ಮೆ. ಎಂಟು ವಾರ ತುಂಬಿದ ಮೇಲೆ ಚರ್ಮದಡಿಗೆ ಚುಚ್ಚುವ ಆರ್‌ಟುಬಿ ಲಸಿಕೆ. ನಡುವೆ ಎರಡನೆಯ ವಾರ ಗಂಬೋರೊ ರೋಗಕ್ಕೆ, ಆರನೆಯ ವಾರದ ಸುಮಾರಿಗೆ ಸಿಡುಬಿಗೆ. ಕ್ರಮವನ್ನು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಿ.

ಲಸಿಕೆ ಇದೆ ಎಂದು ಬಲ್ಲವರೂ ಹಾಕಿಸುವುದಿಲ್ಲವೇಕೆ? ಸೋಮಾರಿತನವೆಂದು ಬೈಯುವುದು ಸುಲಭ. ನಿಜವಾದ ಕಾರಣ ಬೇರೆ. ಲಸಿಕೆಯ ಸೀಸೆಯೊಂದರಲ್ಲಿ ನೂರು, ಇನ್ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಹದಿನೈದು ಮರಿ ಇರುವಾಕೆ ಹುಲಿಯೂರುದುರ್ಗದಿಂದಲೋ ಚೇಳೂರಿನಿಂದಲೋ ಬಸ್ಸು ಹತ್ತಿ, ಮಂಜುಗಡ್ಡೆ ಹೊತ್ತು, ಇನ್ನೂರು ಮರಿಯ ಮದ್ದು ತಂದು ನೂರ ಎಂಬತ್ತೈದನ್ನು ಚೆಲ್ಲಿಯಾಳೇ? ಚೆಲ್ಲಲಾರಳು. ಅದರಿಂದ ತರುವುದೇ ಇಲ್ಲ. ತನ್ನ ಮರಿಗಳಿಗೆ ಹಾಕಿಸಿದರೂ ಪಕ್ಕದ ಮನೆಯ ಕೋಳಿಗಳಿಗೆ ಇಲ್ಲದಿದ್ದರೆ ರೋಗ ಬೇಲಿಯಾಚೆಯಲ್ಲೇ ಕಾಯುತ್ತಿರುತ್ತದೆ.

ಬಂಧುಗಳೇ, ಒಬ್ಬರಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡುವುದಕ್ಕೇ ಅಲ್ಲವೇ ಸಹಕಾರ ಎನ್ನುವುದು? ಅಡಿಕೆಯ ಬೆಲೆ ನೆಲಕಚ್ಚಿದಾಗ ಒಬ್ಬೊಬ್ಬ ಬೆಳೆಗಾರನೂ ತನ್ನ ಮೂಟೆ ಹೊತ್ತು ಅಲೆದಿದ್ದರೆ 1973ರಲ್ಲಿ ಕ್ಯಾಂಪ್ಕೊ ಹುಟ್ಟುತ್ತಿರಲಿಲ್ಲ. ಮೂಟೆಗೆ ಒಪ್ಪಿದ ನ್ಯಾಯ ಮರಿಗೂ ಒಪ್ಪುತ್ತದೆ. ಹಳ್ಳಿಗೊಂದು ಲಸಿಕೆ ದಿನವನ್ನು ಸಂಘವೇ ಗೊತ್ತು ಮಾಡಬೇಕು. ಬೆಳಗಿನ ಜಾವ ಕೋಳಿ ಗೂಡಿನಿಂದ ಇಳಿಯುವ ಮುನ್ನ ಮನೆಮನೆಗೆ ಹೋಗಿ ಮುಗಿಸಿದರೆ ಒಂದು ಸೀಸೆಗೆ ಒಂದು ಕೇರಿ ಸರಿಹೋಗುತ್ತದೆ. ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ಲಸಿಕೆ ತಯಾರಾಗುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕ ಕೇಳಿಕೊಳ್ಳಬಹುದು.

ಎರಡನೆಯ ಸಲಹೆ, ಸಂಘದ ವತಿಯಿಂದ ಒಂದು ಮರಿಮನೆ. ಕೇಂದ್ರ ಸರ್ಕಾರದ ಗ್ರಾಮೀಣ ಹಿತ್ತಲ ಕೋಳಿ ಯೋಜನೆಯಲ್ಲಿ ತಾಯಿ ಘಟಕವೆಂಬ ಏರ್ಪಾಡು ಇತ್ತು: ಒಂದು ದಿನದ ಮರಿಗಳನ್ನು ಒಂದೆಡೆ ನಾಲ್ಕು ವಾರ ಸಾಕಿ, ಅನಂತರ ಮನೆಗಳಿಗೆ ಹಂಚುವುದು. ಆ ತತ್ವ ಒಳ್ಳೆಯದು. ನಮ್ಮ ಸಂಘದ ಯಾವನಾದರೂ ಸದಸ್ಯನ ಮನೆಯಲ್ಲೋ, ಸ್ತ್ರೀಶಕ್ತಿ ಗುಂಪೊಂದರ ಕೈಯಲ್ಲೋ ಇನ್ನೂರು ಮುನ್ನೂರು ಮರಿಗಳನ್ನು ಆರು ವಾರ ಸಾಕಿ, ಲಸಿಕೆ ಹಾಕಿಸಿ, ಅಸಲಿಗೆ ಸಾಕಿದ ಕೂಲಿ ಸೇರಿಸಿ ಸದಸ್ಯರಿಗೆ ಕೊಡಬಹುದು. "ಸಂಘದ ಕೆಲಸ ಅಡಿಕೆ, ಕಾಫಿ, ಕೋಳಿ ಕಾಯುವುದಲ್ಲ" ಎನ್ನುವವರು ಇದ್ದಾರೆ. ಗೊಬ್ಬರ, ಮೈಲುತುತ್ತ ಮಾರುವ ಸಂಘ ಮರಿ ಮಾರಿದರೆ ಮಾನ ಹೋಗುವುದಿಲ್ಲ. ಒಂದು ದಿನದ ಅಗ್ಗದ ಮರಿ ಹದಿನೈದು ತಂದು ಹನ್ನೊಂದು ಕಳೆದುಕೊಳ್ಳುವ ಮನೆಗೆ, ಬೆಲೆ ಹೆಚ್ಚಾದರೂ ಆರು ವಾರದ ಆರು ಮರಿ ಲಾಭವೇ.

ಇನ್ನು ಮನೆಯ ಪಾಲಿನ ಕೆಲಸ. ತಾಯಿ ತುಳಿದು ಮರಿ ಸಾಯುವುದಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಗಾದೆ ಸುಳ್ಳಲ್ಲ, ಆದರೆ ಅದು ತಾಯಿಯ ಮಾತು. ಪರಕೀಯ ಹ್ಯಾಟೆ ಕುಕ್ಕಿದರೆ ಮರಿ ಸಾಯುತ್ತದೆ. ಕೋಳಿಗಳಲ್ಲೂ ಮೇಲು ಕೀಳಿನ ಸಾಲು ಉಂಟು. ಯಾರು ಮೊದಲು ತಿನ್ನಬೇಕು, ಯಾರು ಯಾರನ್ನು ಕುಕ್ಕಬಹುದು ಎಂಬುದು ಗೊತ್ತಾಗಿರುತ್ತದೆ. ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸರು ಬಾಲ್ಯದಿಂದ ಕೋಳಿಗಳನ್ನು ನೋಡುತ್ತ ಬರೆದಿಟ್ಟು, 1920ರ ದಶಕದ ಆರಂಭದಲ್ಲಿ ಈ ಕುಕ್ಕುವ ಸಾಲನ್ನು ಲೋಕಕ್ಕೆ ತಿಳಿಸಿದರು. ಹೊಸ ಕೋಳಿ ಬಂದೊಡನೆ ಆ ಸಾಲು ಕದಡುತ್ತದೆ. ಜಗಳ ಅದಕ್ಕೆ. ತಾಯಿಯೊಡನೆ ಬೆಳೆದ ಮರಿ ಅವಳ ಬೆನ್ನ ಹಿಂದೆ ನಿಂತು ತನ್ನ ಜಾಗ ಕಲಿಯುತ್ತದೆ. ಬುಟ್ಟಿಯಲ್ಲಿ ಬಂದ ಮರಿಗೆ ಆ ಬೆಂಬಲವಿಲ್ಲ. ಅದನ್ನು ನಾವು ಒದಗಿಸಬೇಕು.

ತಂದ ದಿನವೇ ಬಿಡಬೇಡಿ. ಮೂರು ವಾರ ಮನೆಯ ಇನ್ನೊಂದು ಮಗ್ಗುಲಲ್ಲಿ, ಬೇರೆ ನೀರು ಬೇರೆ ಮೇವಿನಲ್ಲಿಡಿ. ಒಳಗೆ ರೋಗವಿದ್ದರೆ ಅಷ್ಟರಲ್ಲಿ ಬಹುತೇಕ ಹೊರಬೀಳುತ್ತದೆ. ಮೊದಲು ಹಳೆಯ ಕೋಳಿಗಳಿಗೆ ಮೇವು ಹಾಕಿ, ಅನಂತರ ಹೊಸವಕ್ಕೆ. ಅದಾದ ಮೇಲೆ ಒಂದು ವಾರ ಹತ್ತು ದಿನ ತಂತಿ ಬಲೆಯ ಆಚೆ ಈಚೆ ಇಟ್ಟು ಮುಖ ಪರಿಚಯ ಮಾಡಿಸಿ. ಮರಿಗಳು ದೊಡ್ಡವುಗಳ ಮುಕ್ಕಾಲು ಗಾತ್ರಕ್ಕಾದರೂ ಬಂದಿರಬೇಕು. ಸೇರಿಸುವುದಾದರೆ ರಾತ್ರಿ, ಎಲ್ಲವೂ ಗೂಡು ಸೇರಿದ ಮೇಲೆ. ಒಂಟಿ ಮರಿಯನ್ನು ಎಂದೂ ಸೇರಿಸಬೇಡಿ. ಮೂರು ನಾಲ್ಕಾದರೂ ಜೊತೆಗಿರಲಿ. ಮೇವು ನೀರನ್ನು ಎರಡು ಮೂರು ಕಡೆ ಇಡಿ. ನುಸುಳಿ ಕೂರಲು ತೆಂಗಿನ ಗರಿಯ ಮರೆ, ಒರಗಿಸಿದ ಹಲಗೆ ಇರಲಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಹೆಚ್ಚು, ಮರಿಯ ಮೂತ್ರಪಿಂಡಕ್ಕೆ ಕೇಡು. ಕೂಡಿರುವಷ್ಟು ಕಾಲ ಎಲ್ಲಕ್ಕೂ ಬೆಳೆಯುವ ಮರಿಯ ಮೇವನ್ನೇ ಹಾಕಿ, ಹ್ಯಾಟೆಗಳಿಗೆ ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡಿ.

ಮೂರು ನಾಲ್ಕು ದಿನ ಕುಕ್ಕಾಟ ಇದ್ದೇ ಇರುತ್ತದೆ, ಗಾಬರಿ ಬೇಡ. ಆದರೆ ರಕ್ತ ಕಂಡರೆ ತಡಮಾಡಬೇಡಿ. ಕೆಂಪು ಕಂಡಲ್ಲಿಗೆ ಎಲ್ಲವೂ ಕುಕ್ಕುತ್ತವೆ. ಗಾಯದ ಮರಿಯನ್ನು ಬೇರ್ಪಡಿಸಿ ವಾಸಿಯಾಗುವವರೆಗೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇಡಿ. ಒಂದೇ ಹ್ಯಾಟೆ ಹಟ ಹಿಡಿದು ಹಿಂಸಿಸುತ್ತಿದ್ದರೆ, ಮರಿಯನ್ನಲ್ಲ, ಅದನ್ನೇ ನಾಲ್ಕು ದಿನ ಮಂಕರಿಯಡಿ ಹಾಕಿ. ಹಿಂದಿರುಗಿದಾಗ ಅದರ ಹಳೆಯ ದೊಡ್ಡಸ್ತಿಕೆ ಇಳಿದಿರುತ್ತದೆ.

ಕೊನೆಗೆ ತೋಟದ ವಿಚಾರ. ಕೀಟನಾಶಕದ ಹರಳನ್ನು ಮರಿ ಕಾಳೆಂದು ಹೆಕ್ಕುತ್ತದೆ. ಬೋರ್ಡೋ ಕಲಸಿದ ಡ್ರಮ್ಮಿನ ತೊಳೆದ ನೀರು ನಿಂತ ಗುಂಡಿಯಲ್ಲಿ ಕುಡಿಯುತ್ತದೆ. ಔಷಧ ಹೊಡೆಯುವ ದಿನಗಳಲ್ಲಿ ಕೋಳಿಗಳು ಗೂಡಿನಲ್ಲೇ ಇರಲಿ, ಗುಂಡಿಗೆ ಮಣ್ಣು ಬೀಳಲಿ. ಎಳೆಯ ಅಡಿಕೆ ಸಸಿಯ ಬುಡದ ಮುಚ್ಚಿಗೆಯನ್ನು ಕೆದಕುವ ಸ್ವಭಾವವೂ ಅವಕ್ಕಿದೆ. ಸಸಿಗೆ ಮುಳ್ಳಿನ ಆಸರೆ ಕಟ್ಟಿ.

ಕೊಕ್ಕರೆ ರೋಗ ಬೇಸಿಗೆಯ ತಲೆಯಲ್ಲಿ ಜೋರು. ಯುಗಾದಿಗೆ ಮುನ್ನವೇ ಹಳ್ಳಿಗೊಂದು ಲಸಿಕೆ ದಿನ ನಡೆಯಬೇಕೆಂದು ನಾವು ಆಡಳಿತ ಮಂಡಳಿಯನ್ನು ಒತ್ತಾಯಿಸುತ್ತೇವೆ. ಅದಕ್ಕೆ ಬೇಕಾದದ್ದು ಹಣವಲ್ಲ, ಒಂದು ಪಟ್ಟಿ. ಯಾವ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಎಂಬುದನ್ನು ಸದಸ್ಯರು ಮನೆಯ ಹೆಂಗಸರನ್ನೇ ಕೇಳಿ ಬರೆದು ಸಂಘದ ಕಚೇರಿಗೆ ತಲುಪಿಸಲಿ. ಗಂಡಸರು ಅಂದಾಜಿನಲ್ಲಿ ಹೇಳಬೇಡಿ. ಲೆಕ್ಕ ಗೊತ್ತಿರುವುದು ಅವರಿಗೇ.