ರಜೆಯ ಬುತ್ತಿ

ಶಾಲೆಗಳಿಗೆ ರಜೆ ಬಂದಿತೆಂದರೆ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಏಳುತ್ತವೆ. ಎಲ್ಲಿಗೆ ಹೋಗಬೇಕೆಂಬುದು ಮಕ್ಕಳ ಮಾತು. ಏನು ಕಟ್ಟಿಕೊಂಡು ಹೋಗಬೇಕೆಂಬುದು ಹಿರಿಯರ ಮಾತು. ಅದನ್ನು ಕಟ್ಟಿಕೊಡುವವರು ಯಾರೆಂಬ ಮೂರನೆಯ ಮಾತೊಂದುಂಟು. ಅದು ನಮ್ಮ ಕಿವಿಗೆ ಬೀಳಲು ಅರವತ್ತು ವರ್ಷಗಳು ಬೇಕಾದವೆಂಬುದನ್ನು ಶರಣ ಬಂಧುಗಳ ಮುಂದೆ ಸಂಕೋಚದಿಂದಲೇ ಬರೆಯುತ್ತಿದ್ದೇವೆ.

ಕಳೆದ ದಸರಾ ರಜೆಯಲ್ಲಿ ಸಿರುಗುಪ್ಪದಿಂದ ಮಗ, ಸೊಸೆ ಹಾಗೂ ಇಬ್ಬರು ಮೊಮ್ಮಕ್ಕಳೊಡನೆ ಎರಡು ದಿನಗಳ ಮಟ್ಟಿಗೆ ಬಳ್ಳಾರಿ ನಗರಕ್ಕೆ ಹೊರಟೆವು. (ಬೇಸಿಗೆ ರಜೆಯಲ್ಲಿ ಬಳ್ಳಾರಿಗೆ ಹೋಗಿರೆಂದು ನಾವು ಯಾರಿಗೂ ಹೇಳುವವರಲ್ಲ. ಆಗ ಕೋಟೆಯ ಬಂಡೆಗಳು ರೊಟ್ಟಿಯ ಹಂಚಿನಂತೆ ಕಾದಿರುತ್ತವೆ.) ಹೊರಗಿನ ಊಟ ಬೇಡ, ಬುತ್ತಿ ಕಟ್ಟಿಕೊಂಡೇ ಹೋಗೋಣವೆಂದು ಅಪ್ಪಣೆ ಕೊಡಿಸಿದವರು ನಾವೇ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ, ಸಾಲದ್ದಕ್ಕೆ ಮೊಸರನ್ನದ ಬುತ್ತಿ. ಇಷ್ಟನ್ನೂ ನಾವು ಬಾಯಿಮಾತಿನಲ್ಲಿ ಹೇಳಿ ಮುಗಿಸಿ, ಪೂಜೆಗೆ ಕುಳಿತೆವು. ಸೊಸೆ ನಸುಕಿನ ನಾಲ್ಕು ಗಂಟೆಗೇ ಒಲೆ ಹಚ್ಚಿದ್ದಳೆಂಬುದನ್ನು ಅಂದು ನಾವು ವಿಶೇಷವೆಂದು ಎಣಿಸಲಿಲ್ಲ.

ನೇರ ದಾರಿ ಬಿಟ್ಟು ಕುರುಗೋಡಿನ ಕಡೆಗೆ ತಿರುಗಿ ದೊಡ್ಡಬಸವೇಶ್ವರನ ದರ್ಶನ ಪಡೆದೆವು. ಆಳೆತ್ತರಕ್ಕೂ ಮೀರಿದ ಆ ಏಕಶಿಲೆಯ ಬಸವನ ಮುಂದೆ ಮಕ್ಕಳು ತಲೆಯೆತ್ತಿ ನಿಂತೇಬಿಟ್ಟರು. ಕಲ್ಯಾಣದಲ್ಲಿ ಶರಣರು ಕೂಡಿದ ಹನ್ನೆರಡನೆಯ ಶತಮಾನದಲ್ಲಿ ಇದೇ ಊರು ಸಿಂದ ಅರಸರ ರಾಜಧಾನಿಯಾಗಿತ್ತೆಂದು ಹೇಳಿದೆವು. ಅವರ ಕಣ್ಣು ಮಾತ್ರ ಬುತ್ತಿಯ ಗಂಟಿನ ಮೇಲಿತ್ತು. ಬೇವಿನ ನೆರಳಿನಲ್ಲಿ ಎಲ್ಲರೂ ಉಂಡೆವು. ಬಡಿಸಿದವಳು ಸೊಸೆ. ಉಳಿದ ಪಾತ್ರೆಗಳನ್ನು ತೊಳೆದವಳೂ ಅವಳೇ.

ಆ ರಾತ್ರಿ ಬಳ್ಳಾರಿಯಲ್ಲಿ ಬಂಧುಗಳ ಮನೆಯಲ್ಲಿ ತಂಗಿದೆವು. ಮರುದಿನ ಕೋಟೆಗೆ ಹೊರಡುವ ಹೊತ್ತಿಗೆ ಮಧ್ಯಾಹ್ನದ ಬುತ್ತಿ ಇನ್ನೂ ಸಿದ್ಧವಾಗಿರಲಿಲ್ಲ. “ನೀವು ಹೋಗಿ ಬರ್ರಿ ಮಾವಾರ, ನಾನು ಅಡುಗೆ ಮುಗಿಸಿಟ್ಟಿರ್ತೀನಿ” ಎಂದಳು. ನಾವು ಹೋದೆವು.

ಬಳ್ಳಾರಿಯ ಗುಡ್ಡದ ಮೇಲಿನ ಕೋಟೆಯನ್ನು ಹನುಮಪ್ಪ ನಾಯಕನು ಕಟ್ಟಿಸಿದನು. ಹದಿನೆಂಟನೆಯ ಶತಮಾನದಲ್ಲಿ ಹೈದರ್ ಅಲಿಯು ಅದನ್ನು ವಶಪಡಿಸಿಕೊಂಡು ಕೆಳಗಿನ ಕೋಟೆಯನ್ನು ಸೇರಿಸಿದನು. ಆ ಕೆಲಸಕ್ಕೆ ಫ್ರೆಂಚ್ ಎಂಜಿನಿಯರನೊಬ್ಬನಿದ್ದನೆಂದೂ, ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವೆಂಬುದನ್ನು ಅವನು ಗಮನಿಸಲಿಲ್ಲವೆಂದು ಗಲ್ಲಿಗೇರಿಸಿದರೆಂದೂ ಜನ ಹೇಳುತ್ತಾರೆ. ಈ ಕಥೆಯನ್ನು ನಾವು ರಸವತ್ತಾಗಿ ಹೇಳುತ್ತಿದ್ದಾಗ ಎಂಟು ವರ್ಷದ ಮೊಮ್ಮಗಳು ನಡುವೆ ಕೇಳಿದಳು: “ತಾತ, ಅಮ್ಮಗ ರಜೆ ಯಾವಾಗ?”

ಉತ್ತರ ಹೊಳೆಯಲಿಲ್ಲ. ಕಥೆಯೂ ಅಲ್ಲಿಗೇ ನಿಂತಿತು.

ಅನಂತರ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವನ್ನು ಕಂಡೆವಾದರೂ ಮನಸ್ಸು ಆ ಪ್ರಶ್ನೆಯಲ್ಲೇ ಇತ್ತು. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು, ನಮ್ಮ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಇವು ನವಶಿಲಾಯುಗದ ನೆಲೆಗಳು. ಅಲ್ಲಿನ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದ ವಿದ್ವಾಂಸರಿಗೆ ಸುಟ್ಟು ಕರಿಕಾದ ಹುರುಳಿ, ಹೆಸರು, ಕೊರಲೆಯ ಕಾಳುಗಳು ದೊರೆತಿವೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಬಳ್ಳಾರಿಯ ಅಡುಗೆ ಅದು. ನಾವು ಅನಾದಿಯೆಂದು ನಂಬಿರುವ ಜೋಳ, ಸಜ್ಜೆಗಳು ಆಫ್ರಿಕಾ ಖಂಡದಿಂದ ಬಂದವು. ಶೇಂಗಾ, ಮೆಣಸಿನಕಾಯಿಗಳು ಅಮೆರಿಕಾ ಖಂಡದಿಂದ ಬಂದವು. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವೇ ಆದರೂ, ಈಗ ಕಣ್ಣಳತೆಯವರೆಗೆ ಹಬ್ಬಿರುವ ಭತ್ತ 1953ರಲ್ಲಿ ತುಂಗಭದ್ರಾ ಜಲಾಶಯ ಆರಂಭವಾಗಿ ಕಾಲುವೆಗಳು ಹರಿದ ಮೇಲಿನದು. ಅದಕ್ಕೆ ಮುಂಚೆ ಈ ಎರೆಹೊಲಗಳ ಬಹುಭಾಗ ಜೋಳ, ಹತ್ತಿಗಳದು. ಹಿಂದಿನಿಂದ ಬಂದ ಊಟವೆಂದು ನಾವು ಹಟ ಹಿಡಿದ ಬುತ್ತಿಯಲ್ಲಿ ಬದಲಾಗದೆ ಉಳಿದ ಪದಾರ್ಥ ಒಂದೂ ಇರಲಿಲ್ಲ. ಬೇಯಿಸುವ ಕೈ ಮಾತ್ರ ಬದಲಾಗಿರಲಿಲ್ಲ.

ಇದಕ್ಕಿಂತ ನಾಚಿಕೆಯ ಸಂಗತಿ ಬೇರೆಯಿದೆ. ನಾವು ಬೆಳೆದದ್ದು ಮಠದಲ್ಲಿ. ಅಲ್ಲಿ ಅಡುಗೆಮನೆ ಗಂಡುಹುಡುಗರದೇ. ಸರದಿಯ ಮೇಲೆ ಹಿಟ್ಟು ಸೋಸುತ್ತಿದ್ದೆವು, ಪಲ್ಯ ಹೆಚ್ಚುತ್ತಿದ್ದೆವು, ಎಳೆಯ ತೋಳು ಸೋಲುವವರೆಗೂ ಹಂಡೆಯಲ್ಲಿ ಜೋಳದ ನುಚ್ಚು ತಿರುವುತ್ತಿದ್ದೆವು. ಪಂಕ್ತಿ ಎದ್ದ ಮೇಲೆ ನೆಲ ಸಾರಿಸುವುದೂ ನಮ್ಮದೇ. ಅದನ್ನು ದಾಸೋಹಸೇವೆ ಎನ್ನುತ್ತಿದ್ದರು, ನಮಗೆ ಹೆಮ್ಮೆಯಿತ್ತು. ಮಠ ಬಿಟ್ಟು ಗೃಹಸ್ಥರಾದ ದಿನವೇ ಕೈಗಳು ಅದನ್ನೆಲ್ಲ ಮರೆತವು. ಮಠದಲ್ಲಿ ಸೇವೆಯೆನಿಸಿದ್ದು ಮನೆಯಲ್ಲಿ ಹೆಂಗಸರ ಕೆಲಸವಾಯಿತು. ಕೊಟ್ಟಣ ಕುಟ್ಟುವುದನ್ನೇ ಕಾಯಕವಾಗಿ ಹೆಸರಿನೊಡನೆ ಹೊತ್ತ ಕೊಟ್ಟಣದ ಸೋಮಮ್ಮನ ವಿಷಯವಾಗಿ ಎಷ್ಟೋ ಪುರಾಣ ಪ್ರವಚನಗಳಲ್ಲಿ ಮಾತಾಡಿದ್ದೇವೆ. ಪ್ರವಚನ ಮುಗಿಸಿ ಮನೆಗೆ ಬಂದು, ತಾಟಿನ ಮುಂದೆ ಕುಳಿತಿದ್ದೇವೆ.

ಹೊರಗಿನ ಊಟವನ್ನೇ ನೆಚ್ಚಿರೆಂದು ನಾವು ಹೇಳುತ್ತಿಲ್ಲ. ಬುತ್ತಿಯ ರುಚಿ, ಶುಚಿ, ಮಿತವ್ಯಯಗಳು ಅಲ್ಲಗಳೆಯುವಂಥವಲ್ಲ. ಮಕ್ಕಳ ಹೊಟ್ಟೆಗೂ ಅದೇ ಲೇಸು. ಆದರೆ ಒಂದು ಹೊತ್ತು ಬಳ್ಳಾರಿಯ ವಗ್ಗರಣೆ-ಮಿರ್ಚಿ ತಿಂದರೆ ಆಚಾರ ಕೆಡುವುದಿಲ್ಲವೆಂಬಷ್ಟು ನಾವೂ ಸಡಿಲಗೊಂಡಿದ್ದೇವೆ.

ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ನಾಲ್ಕು ದಿನ ಬಿಡುವು ಸಿಕ್ಕಾಗ ಮತ್ತೆ ಬಳ್ಳಾರಿಗೆ ಹೋದೆವು. ಹಿಂದಿನ ರಾತ್ರಿ ಸೊಸೆಗೆ ಮುಂಜಾನೆ ಏಳಬಾರದೆಂದು ಹೇಳಿದೆವು. ಅವಳು ನಂಬಲಿಲ್ಲ, ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಮ್ಮ ಮನೆಯವರು ಕೈಹಿಡಿದು ಹೊರಗೆ ಕೂಡಿಸಿಕೊಂಡರು. ಮಗ ತಟ್ಟಿದ ರೊಟ್ಟಿಗಳಲ್ಲಿ ಒಂದಾದರೂ ದುಂಡಗಾಗಲಿಲ್ಲ, ಎರಡು ಹಂಚಿಗೇ ಹತ್ತಿಕೊಂಡವು. ಮೊಮ್ಮಗ ಶೇಂಗಾ ಸಿಪ್ಪೆ ಬಿಡಿಸುತ್ತ ಅರ್ಧ ತಿಂದುಬಿಟ್ಟನು. ನಾವು ನುಚ್ಚು ಮಾಡಿದೆವು. ಐವತ್ತು ವರ್ಷಗಳ ಮೇಲೆ ತೋಳು ಆ ತಿರುವನ್ನು ತಾನಾಗಿಯೇ ನೆನೆಸಿಕೊಂಡಿತು.

ಈ ಸಲ ಸೊಸೆಯೂ ಕೋಟೆ ಹತ್ತಿದಳು. ಬಳ್ಳಾರಿಯಿಂದ ಒಂದೂವರೆ ತಾಸಿನ ಹಾದಿಯ ಊರಿಗೆ ಮದುವೆಯಾಗಿ ಬಂದು ಹನ್ನೊಂದು ವರ್ಷಗಳಾಗಿದ್ದರೂ ಅದೇ ಮೊದಲಂತೆ. ಮೇಲೆ ಗಾಳಿಗೆ ಸೆರಗು ಹಿಡಿದು ನಿಂತು ಬಹಳ ಹೊತ್ತು ಊರನ್ನು ನೋಡಿದಳು. ಬಂಡೆಯ ನೆರಳಿನಲ್ಲಿ ಡಬ್ಬಿ ಬಿಚ್ಚಿ ಮಜ್ಜಿಗೆ ಕಲಸಿದ ನುಚ್ಚನ್ನು ನಾವೇ ಬಡಿಸಿದೆವು. ಎರಡು ತುತ್ತು ಉಂಡು, ನಗು ತಡೆದುಕೊಂಡು ಹೇಳಿದಳು: “ಉಪ್ಪು ಹಾಕೋದು ಮರ್ತೀರಿ ಮಾವಾರ.”