ಶುಕ್ರ ಸಂಕ್ರಮವೂ ಒಂದು ಕನ್ನಡ ಪುಸ್ತಿಕೆಯೂ

1874ನೆಯ ಇಸವಿಯ ಡಿಸೆಂಬರ್ 9, ಬುಧವಾರ. ಇಂದಿನ ನಮ್ಮ ಗಡಿಯಾರದ ಲೆಕ್ಕದಲ್ಲಿ ಬೆಳಿಗ್ಗೆ ಸುಮಾರು 7 ಗಂಟೆ 20 ನಿಮಿಷಕ್ಕೆ ಸೂರ್ಯಬಿಂಬದ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡಿತು. ಅದು ಮೆಲ್ಲಮೆಲ್ಲನೆ ಬಿಂಬವನ್ನು ಹಾದು, ನಡುಹಗಲಿನ ಹೊತ್ತಿಗೆ ಹೊರಬಿದ್ದಿತು. ಆ ಚುಕ್ಕೆ ಬೇರೆ ಯಾವುದೂ ಅಲ್ಲ. ನಮ್ಮ ರೈತರು ನಸುಕಿನಲ್ಲಿ ಕಂಡು ಹೊತ್ತು ಗುರುತಿಸುವ ಬೆಳ್ಳಿಚುಕ್ಕಿ, ಅಂದರೆ ಶುಕ್ರಗ್ರಹ. ಭೂಮಿಗೂ ಸೂರ್ಯನಿಗೂ ನಡುವೆ ಅದು ನೇರವಾಗಿ ಹಾದುಹೋದಾಗ ಇಂಥ ನೋಟ ದೊರೆಯುತ್ತದೆ. ಇದಕ್ಕೆ ಶುಕ್ರ ಸಂಕ್ರಮ ಎಂದು ಹೆಸರು.

ಆ ದಿನ ಬರುವ ಮೊದಲೇ ಅದರ ವಿಷಯವನ್ನು ತಿಳಿಸುವ ಪುಸ್ತಿಕೆಯೊಂದು ಕನ್ನಡದಲ್ಲಿ ಅಚ್ಚಾಗಿತ್ತು. ಇಂಗ್ಲಿಷ್, ಉರ್ದು ಮೊದಲಾದ ಭಾಷೆಗಳ ಜತೆಗೆ ಕನ್ನಡದಲ್ಲಿಯೂ ಅದನ್ನು ಹೊರತಂದವರು ಮದರಾಸು ವೀಕ್ಷಣಾಲಯದಲ್ಲಿ ಪ್ರಥಮ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು. ಆಗ ಆದವಾನಿಯು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಕಾಸರಗೋಡು ಅದೇ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚನೆಯಾದಾಗ ಆದವಾನಿ ಮತ್ತು ಆಲೂರು ತಾಲೂಕುಗಳು ಇತ್ತ ಸೇರಿದವು. ಗಡಿಗೆರೆಗಳು ಆಮೇಲೆ ಬಂದವು. ಗ್ರಹಗತಿಯ ಮಾತು ಕನ್ನಡದಲ್ಲಿ ಅಚ್ಚಾದದ್ದು ಅದಕ್ಕೂ ಬಹಳ ಹಿಂದೆ.

ರಘುನಾಥಾಚಾರ್ಯರನ್ನು ನಮ್ಮ ಮಕ್ಕಳು ಅರಿತಿರಬೇಕು. 1867ರಲ್ಲಿ ಅವರು ರೆಟಿಕ್ಯುಲಮ್ ಎಂಬ ದಕ್ಷಿಣದ ನಕ್ಷತ್ರಪುಂಜದಲ್ಲಿ, ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಕಂಡುಹಿಡಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ವೀಕ್ಷಣೆಗಾಗಿ ಅವರ ತಂಡವು ಬೀಡುಬಿಟ್ಟದ್ದು ನಮಗೆ ಈಶಾನ್ಯಕ್ಕಿರುವ ವನಪರ್ತಿಯಲ್ಲಿ. 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯು ಅವರನ್ನು ಫೆಲೋ ಆಗಿ ಆರಿಸಿತು. ಪಂಚಾಂಗದ ಲೆಕ್ಕವು ಕಣ್ಣಿಗೆ ಕಾಣುವ ಆಕಾಶಕ್ಕೆ ತಾಳೆಯಾಗಬೇಕು ಎಂಬುದು ಅವರ ಹಟ. ಇದನ್ನೇ ದೃಗ್ಗಣಿತ ಎನ್ನುತ್ತಾರೆ. ಆ ಹೆಸರಿನ ಪಂಚಾಂಗವನ್ನೂ ಅವರು ಪ್ರಕಟಿಸಿದರು. ಸಂಕ್ರಮದ ಪುಸ್ತಿಕೆಯನ್ನು ಅವರು ಒಬ್ಬ ಪಂಡಿತನು ಕೇಳುವ, ಒಬ್ಬ ಸಿದ್ಧಾಂತಿಯು ಉತ್ತರಿಸುವ ಸಂವಾದದ ರೂಪದಲ್ಲಿ ಬರೆದರು. ಓದುಗನಿಗೆ ಸಂಶಯ ಬರುವುದು ಸಹಜ, ಕೇಳಿದರೆ ವಿವರಿಸಬಹುದು, ವಿವರಿಸಿದರೆ ತಿಳಿಯುತ್ತದೆ ಎಂಬ ನಂಬಿಕೆ ಆ ರೂಪದಲ್ಲಿಯೇ ಇದೆ.

ಒಂದು ಚುಕ್ಕೆಗಾಗಿ ಇಷ್ಟೊಂದು ಸಿದ್ಧತೆ ಏಕೆ ಎಂದು ಮಕ್ಕಳು ಕೇಳಬಹುದು. ಉತ್ತರ ಹೀಗಿದೆ. ಗ್ರಹಗಳ ಕಕ್ಷೆಗಳು ಒಂದಕ್ಕೊಂದು ಯಾವ ಪ್ರಮಾಣದಲ್ಲಿವೆ ಎಂಬುದು ಕೆಪ್ಲರನ ನಿಯಮಗಳಿಂದ 17ನೆಯ ಶತಮಾನದಲ್ಲಿಯೇ ತಿಳಿದಿತ್ತು. ಭೂಮಿಯ ದೂರವನ್ನು 100 ಎಂದುಕೊಂಡರೆ ಶುಕ್ರನ ದೂರ 72. ಆದರೆ ಆ 100 ಎಂದರೆ ಎಷ್ಟು ಹರದಾರಿ? ಅದು ಸರಿಯಾಗಿ ತಿಳಿದಿರಲಿಲ್ಲ. ಊರಿನ ನಕ್ಷೆ ಕೈಯಲ್ಲಿದ್ದು, ಅದರ ಮೂಲೆಯ ಅಳತೆಪಟ್ಟಿ ಹರಿದುಹೋಗಿದ್ದಂತೆ ಆಗಿತ್ತು. ಒಂದೇ ಒಂದು ದೂರವನ್ನು ಅಳೆದರೆ ಸಾಕು, ಉಳಿದವೆಲ್ಲ ತಾವಾಗಿಯೇ ಹೊರಬರುತ್ತಿದ್ದವು. ಶುಕ್ರ ಸಂಕ್ರಮದಿಂದ ಆ ಅಳತೆ ಸಾಧ್ಯವೆಂದು ಎಡ್ಮಂಡ್ ಹ್ಯಾಲಿ 1716ರಲ್ಲಿ ತೋರಿಸಿಕೊಟ್ಟನು.

ಅದರ ತತ್ತ್ವವನ್ನು ಮನೆಯಲ್ಲಿಯೇ ನೋಡಬಹುದು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿರಿ. ಎದುರಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಸರಿದಂತೆ ಕಾಣುತ್ತದೆ. ಬೆರಳನ್ನು ದೂರಕ್ಕೆ ಚಾಚಿದಷ್ಟೂ ಸರಿಯುವುದು ಕಡಿಮೆಯಾಗುತ್ತದೆ. ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ಈ ಸರಿತಕ್ಕೆ ಲಂಬನ ಎಂಬ ಹೆಸರಿದೆ. ಸೂರ್ಯಬಿಂಬವೇ ಗೋಡೆ, ಶುಕ್ರನೇ ಬೆರಳು, ಭೂಮಿಯ ಮೇಲೆ ಬಹುದೂರದಲ್ಲಿರುವ ಇಬ್ಬರು ವೀಕ್ಷಕರೇ ಎರಡು ಕಣ್ಣುಗಳು. ಇಬ್ಬರಿಗೂ ಚುಕ್ಕೆಯ ದಾರಿ ತುಸು ಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸದಿಂದ ಸೂರ್ಯನ ದೂರ ಸಿಗುತ್ತದೆ. ಇಂದು ನಮಗೆ ತಿಳಿದಿರುವ ಸರಾಸರಿ ದೂರ ಸುಮಾರು 14 ಕೋಟಿ 96 ಲಕ್ಷ ಕಿಲೋಮೀಟರ್.

ಇದಕ್ಕಾಗಿ ಜನರು ಪಟ್ಟ ಪಾಡು ಸಣ್ಣದಲ್ಲ. ಫ್ರಾನ್ಸಿನ ಲ ಜಾಂತಿ ಎಂಬಾತನು 1761ರ ಸಂಕ್ರಮವನ್ನು ಪಾಂಡಿಚೇರಿಯಿಂದ ನೋಡಲು ಹೊರಟನು. ದಾರಿಯಲ್ಲಿರುವಾಗಲೇ ಊರು ಇಂಗ್ಲಿಷರ ವಶವಾಯಿತು. ಆ ದಿನ ಅವನು ಅಲುಗಾಡುವ ಹಡಗಿನ ಮೇಲಿದ್ದುದರಿಂದ ಅಳತೆ ಸಾಧ್ಯವಾಗಲಿಲ್ಲ. ಮುಂದಿನ ಸಂಕ್ರಮಕ್ಕಾಗಿ ಎಂಟು ವರ್ಷ ಪೂರ್ವದೇಶಗಳಲ್ಲಿಯೇ ಕಾದು, 1769ರಲ್ಲಿ ಪಾಂಡಿಚೇರಿಯಲ್ಲಿ ಸಿದ್ಧನಾಗಿ ನಿಂತನು. ಆ ಬೆಳಿಗ್ಗೆ ಮೋಡ ಮುಚ್ಚಿತು.

ಎಂಟು ವರ್ಷದ ಅಂತರದ ಆ ಎರಡು ಅವಕಾಶಗಳು ಕಳೆದ ಮೇಲೆ ಮತ್ತೆ ನೂರು ವರ್ಷಗಳಿಗೂ ಹೆಚ್ಚು ಕಾಲ ಏಕೆ ಕಾಯಬೇಕು? ಸುಮಾರು 584 ದಿನಗಳಿಗೊಮ್ಮೆ ಶುಕ್ರನು ನಮಗೂ ಸೂರ್ಯನಿಗೂ ನಡುವೆ ಬರುತ್ತಾನಲ್ಲವೆ? ಇದನ್ನು ತಿಳಿಯಲು ಶಾಲೆಯ ಅಂಗಳಕ್ಕೆ ಇಳಿಯೋಣ. 10 ಲಕ್ಷ ಕಿಲೋಮೀಟರಿಗೆ ಒಂದು ಮೀಟರ್ ಎಂದು ಲೆಕ್ಕ ಇಟ್ಟುಕೊಳ್ಳೋಣ. 70 ಸೆಂಟಿಮೀಟರ್ ಉದ್ದದ ದಾರದಿಂದ ಗೋಡೆಯ ಮೇಲೆ ವೃತ್ತವನ್ನು ಎಳೆದರೆ ಅದು ಸೂರ್ಯ. 58 ಮೀಟರ್ ದೂರದಲ್ಲಿ ತೊಗರಿಕಾಳಿನಷ್ಟು ಬುಧ. 108 ಮೀಟರ್ ದೂರದಲ್ಲಿ ಒಂದು ಗೋಲಿ, ಅದು ಶುಕ್ರ. ಸುಮಾರು 150 ಮೀಟರ್ ದೂರದಲ್ಲಿ ಅಷ್ಟೇ ದೊಡ್ಡ ಇನ್ನೊಂದು ಗೋಲಿ, ಅದು ಭೂಮಿ. ಅದರಿಂದ 38 ಸೆಂಟಿಮೀಟರ್ ಆಚೆಗೆ ಒಂದು ಜೋಳದ ಕಾಳು, ಅದು ಚಂದ್ರ. 228 ಮೀಟರಿನಲ್ಲಿ ಬಟಾಣಿಯಷ್ಟು ಮಂಗಳ, 778 ಮೀಟರಿನಲ್ಲಿ ದೊಡ್ಡ ತೆಂಗಿನಕಾಯಿಯಷ್ಟು ಗುರು. ಅವೆರಡರ ನಡುವೆ ಕ್ಷುದ್ರಗ್ರಹಗಳು. ಈ ಅಳತೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಧೂಳಿನ ಕಣಗಳೇ. ಅವುಗಳಲ್ಲಿ ಒಂದಾದ 'ಏಷ್ಯಾ'ವನ್ನು 1861ರಲ್ಲಿ ಕಂಡುಹಿಡಿದದ್ದು ರಘುನಾಥಾಚಾರ್ಯರು ದುಡಿದ ಅದೇ ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್. ಕೊನೆಯ ಗ್ರಹ ನೆಪ್ಚೂನ್ ಇರುವುದು ನಾಲ್ಕೂವರೆ ಕಿಲೋಮೀಟರ್ ಆಚೆ. ಊರು ದಾಟಿ, ಹತ್ತಿಯ ಹೊಲಗಳನ್ನು ಹಾದು ನಡೆಯಬೇಕು.

ಈಗ ಭೂಮಿಯ ಗೋಲಿಯ ಬಳಿ ನಿಂತು ಗೋಡೆಯತ್ತ ನೋಡಿರಿ. ಶುಕ್ರನ ಕಕ್ಷೆಯು ಭೂಮಿಯ ಕಕ್ಷೆಯ ಸಮತಲಕ್ಕೆ ಸುಮಾರು 3.4 ಡಿಗ್ರಿ ಓರೆಯಾಗಿದೆ. ಕಡಿಮೆ ಎನಿಸಬಹುದು. ಆದರೆ 108 ಮೀಟರ್ ದೂರದಲ್ಲಿ ಆ ಓರೆಯಿಂದಾಗಿ ಶುಕ್ರನ ಗೋಲಿಯು ನೇರಗೆರೆಗಿಂತ 6 ಮೀಟರಿಗೂ ಮೇಲೆ, ಅಂದರೆ ಎರಡಂತಸ್ತಿನ ಕಟ್ಟಡದ ಎತ್ತರದಲ್ಲಿ, ಇಲ್ಲವೇ ಅಷ್ಟೇ ಕೆಳಗೆ ಹಾದುಹೋಗಬಹುದು. ಸೂರ್ಯಬಿಂಬದ ಮೇಲೆ ಕಾಣಬೇಕಾದರೆ ಅದು ನೇರಗೆರೆಯಿಂದ ಸುಮಾರು 19 ಸೆಂಟಿಮೀಟರ್ ಒಳಗೆ ಹಾದುಹೋಗಬೇಕು. ಆರು ಮೀಟರಿನ ಏರಿಳಿತದಲ್ಲಿ ಒಂದು ಗೇಣಿನ ಕಿಂಡಿ! ಎರಡು ಕಕ್ಷೆಗಳು ಒಂದನ್ನೊಂದು ದಾಟುವ ಪಾತಬಿಂದುಗಳ ಹತ್ತಿರ ಮಾತ್ರ ಇದು ಸಾಧ್ಯ. ಭೂಮಿಯು ಆ ನೇರಕ್ಕೆ ಬರುವುದು ಜೂನ್ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾಗದಲ್ಲಿ.

ಎಂಟು ವರ್ಷದ ಜೋಡಿಯ ಗುಟ್ಟೂ ಲೆಕ್ಕದಲ್ಲಿಯೇ ಇದೆ. ನಮ್ಮ 8 ವರ್ಷಗಳಲ್ಲಿ ಶುಕ್ರನು ಸೂರ್ಯನನ್ನು ಹೆಚ್ಚುಕಡಿಮೆ 13 ಬಾರಿ ಸುತ್ತುತ್ತಾನೆ. ಆದುದರಿಂದ ಎಂಟು ವರ್ಷಗಳ ತರುವಾಯ ಇಬ್ಬರೂ ಬಹುಮಟ್ಟಿಗೆ ಅದೇ ಜಾಗದಲ್ಲಿ ಸಂಧಿಸುತ್ತಾರೆ. ಆದರೆ ಎರಡು ದಿನ ಚಿಲ್ಲರೆ ಮುಂಚಿತವಾಗಿ. ಒಂದು ಬಾರಿ ಅಷ್ಟು ಸರಿದರೂ ಕಿಂಡಿಯೊಳಗೆ ಉಳಿಯಬಹುದು. ಇನ್ನೊಂದು ಬಾರಿ ಸರಿದರೆ ಹೊರಬೀಳುತ್ತದೆ. 2004ರ ಜೂನ್ 8ರ ಸಂಕ್ರಮವನ್ನೂ 2012ರ ಜೂನ್ 6ರ ಸಂಕ್ರಮವನ್ನೂ ಇಂದಿನ ತಂದೆತಾಯಿಯರಲ್ಲಿ ಕೆಲವರು ವಿದ್ಯಾರ್ಥಿಗಳಾಗಿದ್ದಾಗ ನೋಡಿರಬಹುದು. ತಾರೀಖುಗಳಲ್ಲಿಯೇ ಆ ಎರಡು ದಿನಗಳ ವ್ಯತ್ಯಾಸವು ಕಾಣುತ್ತದೆ.

1874ರ ಆ ದಿನಕ್ಕೆ ಮರಳೋಣ. ವಿಶಾಖಪಟ್ಟಣದಲ್ಲಿ ಅಂಕಿತಂ ವೆಂಕಟ ನರಸಿಂಗರಾವ್ ಅವರು ಸಂಕ್ರಮವನ್ನು ವೀಕ್ಷಿಸಿದರು. ಒಡಿಶಾದ ಖಂಡಪಾರಾದ ಸಾಮಂತ ಚಂದ್ರಶೇಖರರೂ ಅದನ್ನು ಕಂಡರು. ಅವರಿಗೆ ಇಂಗ್ಲಿಷ್ ಶಿಕ್ಷಣವಿರಲಿಲ್ಲ. ಮರ ಮತ್ತು ಬಿದಿರಿನಿಂದ ತಾವೇ ಮಾಡಿಕೊಂಡ ಉಪಕರಣಗಳಿದ್ದವು. ಸೂರ್ಯಬಿಂಬದ 32ರಲ್ಲಿ ಒಂದು ಪಾಲು ಶುಕ್ರಬಿಂಬದ ಅಗಲವೆಂದು ಅವರು ತಮ್ಮ ಸಿದ್ಧಾಂತದರ್ಪಣದಲ್ಲಿ ದಾಖಲಿಸಿದರು. ನಮ್ಮ ಅಂಗಳದ ಲೆಕ್ಕದಿಂದ ಇದನ್ನು ಪರೀಕ್ಷಿಸೋಣ. ಶುಕ್ರನ ಗೋಲಿಯ ಅಗಲ 1.2 ಸೆಂಟಿಮೀಟರ್, ಅದು ನಮ್ಮಿಂದ 41 ಮೀಟರ್ ದೂರ. ಗೋಡೆ ನಮ್ಮಿಂದ 150 ಮೀಟರ್. ಹಾಗಾದರೆ ಗೋಡೆಯ ಮೇಲೆ ಗೋಲಿಯು ಮರೆಮಾಡುವ ಅಗಲ 1.2 ಗುಣಿಸು 150 ಭಾಗಿಸು 41. ಅಂದರೆ ಸುಮಾರು 4.4 ಸೆಂಟಿಮೀಟರ್. ಗೋಡೆಯ ಸೂರ್ಯನ ಅಗಲ 140. ಭಾಗಿಸಿದರೆ 32! ಏಳನೆಯ ತರಗತಿಯ ಹುಡುಗಿಯೊಬ್ಬಳು ಸ್ಲೇಟಿನ ಮೇಲೆ ಮಾಡಬಹುದಾದ ಲೆಕ್ಕವು ಖಂಡಪಾರಾದ ವಿದ್ವಾಂಸರ ಕಣ್ಣಳತೆಗೆ ಸಾಕ್ಷಿ ನುಡಿಯುತ್ತದೆ. ದೃಗ್ಗಣಿತವೆಂದರೆ ಇದೇ.

ಇಷ್ಟನ್ನು ವಿಸ್ತಾರವಾಗಿ ಹೇಳಲು ಕಾರಣವುಂಟು. ಆದವಾನಿ, ಆಲೂರು, ಹೊಳಗುಂದಿ, ಹಾಲಹರವಿ ಕಡೆಯ ಮನೆಗಳಲ್ಲಿ ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬ ಮಾತು ಬಂದಾಗ, ಕಥೆ ಪದ್ಯಕ್ಕೆ ಕನ್ನಡ ಸರಿ, ವಿಜ್ಞಾನಕ್ಕೆ ಅದು ಸಾಲದು ಎಂಬ ಅಭಿಪ್ರಾಯವು ಎದುರಾಗುತ್ತದೆ. ಹೀಗೆ ಹೇಳುವವರು ಮಗುವಿನ ಹಿತವನ್ನೇ ಬಯಸುತ್ತಾರೆ. ಮುಂದೆ ಓದಲು ದೂರದ ಊರಿಗೆ ಹೋಗಬೇಕು, ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಪರೀಕ್ಷೆ ಬರೆಯಬೇಕು ಎಂಬ ಚಿಂತೆಯೂ ಸುಳ್ಳಲ್ಲ. ಆ ಎರಡು ಭಾಷೆಗಳನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಕನ್ನಡ ಸಾಲದು ಎಂಬ ಮಾತನ್ನು ಮಾತ್ರ ಪರೀಕ್ಷಿಸದೆ ಒಪ್ಪಬಾರದು. ಮೇಲೆ ಬಂದ ಗ್ರಹ, ಕಕ್ಷೆ, ಬಿಂಬ, ಪಾತ, ಲಂಬನ, ಸಂಕ್ರಮ ಇವು ಇಲ್ಲಿಯವೇ ಆದ ಮಾತುಗಳು. ಗೋಲಿ, ಗೇಣು, ಜೋಳದ ಕಾಳು ಇವು ಮನೆಯ ಮಾತುಗಳು. ಕಕ್ಷೆಯ ಓರೆ ಏನೆಂಬುದನ್ನು ಮನೆಮಾತಿನಲ್ಲಿ ಒಮ್ಮೆ ಅರಿತ ಮಗುವಿಗೆ ನಾಳೆ ಅದರ ಇಂಗ್ಲಿಷ್ ಹೆಸರು ಕಲಿಯಲು ಒಂದು ಸಂಜೆ ಸಾಕು. ಹೆಸರನ್ನು ಮಾತ್ರ ಬಾಯಿಪಾಠ ಮಾಡಿದ ಮಗುವಿಗೆ ಅರಿವು ಬರಲು ಎಷ್ಟು ಸಂಜೆಗಳು ಬೇಕೋ!

ಉಪಾಧ್ಯಾಯರಲ್ಲಿ ಒಂದು ವಿನಂತಿ. ಸೌರಮಂಡಲದ ಪಾಠ ಬಂದಾಗ ಒಂದು ದಿನವಾದರೂ ಹಗ್ಗ, ಗೋಲಿ, ಕಾಳುಗಳೊಡನೆ ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ಅಂಗಳವು ಚಿಕ್ಕದಾದರೆ ಕೊಯ್ಲಾದ ಹೊಲವಿದೆ. ಅಳತೆಗಳನ್ನು ಅವರೇ ಹಾಕಲಿ, ಸಂಶಯಗಳನ್ನು ಅವರೇ ಕೇಳಲಿ.

ಶುಕ್ರನ ಮುಂದಿನ ಸಂಕ್ರಮವು 2117ರ ಡಿಸೆಂಬರ್ 11ರಂದು. ಅದು ಇಂದಿನ ಮಕ್ಕಳ ಮೊಮ್ಮಕ್ಕಳ ಪಾಲಿನದು. ಆದರೆ 2032ರ ನವೆಂಬರ್ 13ರ ಮಧ್ಯಾಹ್ನ ಸುಮಾರು 12 ಗಂಟೆ 10 ನಿಮಿಷದಿಂದ ಸಂಜೆ ನಾಲ್ಕೂವರೆಯವರೆಗೆ ಬುಧನು ಸೂರ್ಯಬಿಂಬವನ್ನು ಹಾಯುವನು. ಆಕಾಶ ತಿಳಿಯಾಗಿದ್ದರೆ ನಮ್ಮ ಊರುಗಳಿಂದಲೂ ನೋಡಬಹುದು. ಬುಧನ ಚುಕ್ಕೆ ಬಹಳ ಸಣ್ಣದು, ಬಿಂಬದ 190ರಲ್ಲಿ ಒಂದು ಪಾಲಿನಷ್ಟು, ಬರಿಗಣ್ಣಿಗೆ ಕಾಣದು. ಸೂರ್ಯನನ್ನು ನೇರವಾಗಿ ನೋಡುವುದು ಕಣ್ಣಿಗೆ ಅಪಾಯ. ದೂರದರ್ಶಕದೊಳಗಿಂದ ನೋಡುವುದಂತೂ ಕಣ್ಣನ್ನೇ ಕಳೆಯುತ್ತದೆ. ತಿಳಿದವರ ಮೇಲ್ವಿಚಾರಣೆಯಲ್ಲಿ ದೂರದರ್ಶಕದ ಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ನೋಡಬೇಕು. ಈ ತಾರೀಖನ್ನು ಮಕ್ಕಳ ವಿಜ್ಞಾನದ ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆಸಿಡಿರಿ, ಕನ್ನಡದಲ್ಲಿ ಬರೆಸಿರಿ.