ಯಾರು ಹೇಳಿದ್ದು ಎಂದು ಕೇಳದೆ ಹೋದರೆ

ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಚೆಗೆ ಒಂದು ಉತ್ತರ ರೂಢಿಗೆ ಬಂದಿದೆ. ಯಾರೋ ಒಂದು ಸುದ್ದಿ ಹಾಕುತ್ತಾರೆ. ಇನ್ಯಾರೋ ‘ಇದು ನಿಜವಾ?’ ಎನ್ನುತ್ತಾರೆ. ‘ಗೊತ್ತಿಲ್ಲ, ಬಂದಿತ್ತು, ಕಳಿಸಿದೆ’ ಎಂಬ ಉತ್ತರ ಬರುತ್ತದೆ. ಹೇಳಿದವರಿಗೆ ಸಂಕೋಚವಿಲ್ಲ, ಕೇಳಿದವರಿಗೆ ಸಿಟ್ಟಿಲ್ಲ. ಇದೇನು ಮಹಾ ಎಂದು ಬಿಡುವವರೇ ಹೆಚ್ಚು. ನಮಗೆ ಹಾಗೆ ಬಿಡಲು ಧೈರ್ಯ ಬರುತ್ತಿಲ್ಲ. ಒಂದು ಮಾತನ್ನು ನಂಬುವ ಮೊದಲು ಜನ ಹಿಂದಿನಿಂದಲೂ ತೂಗಿ ನೋಡುತ್ತಿದ್ದರು: ಹೇಳುವವನಿಗೆ ವಿಷಯ ಗೊತ್ತೇ, ಅವನಿಗೆ ನಮ್ಮ ಹಿತ ಬೇಕೇ, ಸುಳ್ಳಾದರೆ ನಾಳೆ ಕೈಗೆ ಸಿಗುತ್ತಾನೆಯೇ. ತಮಟೆ ಬಾರಿಸಿ ಡಂಗುರ ಸಾರುತ್ತಿದ್ದವನ ಮನೆ ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ಆಕಾಶವಾಣಿಯಲ್ಲಿ ವಾರ್ತೆ ಓದುವವರು ಮೊದಲು ತಮ್ಮ ಹೆಸರು ಹೇಳುತ್ತಿದ್ದರು. ಮುದ್ರಕರ, ಪ್ರಕಾಶಕರ ಹೆಸರಿಲ್ಲದೆ ಪತ್ರಿಕೆ ಹೊರಬರಕೂಡದೆಂಬ ಕಾಯ್ದೆ 1867ರಲ್ಲೇ ಬಂದಿತ್ತು. ಬ್ರಿಟಿಷರು ಅದನ್ನು ತಂದದ್ದು ತಮ್ಮ ಅನುಕೂಲಕ್ಕೆ, ಅದು ಬೇರೆ ಮಾತು. ಹಳೆಯ ಕಾಲದಲ್ಲಿ ಸುಳ್ಳೇ ಇರಲಿಲ್ಲ ಎಂದೇನೂ ಅಲ್ಲ. ಗೌಡನ ಸುಳ್ಳೂ ಅದೇ ತಮಟೆಯ ಮೇಲೆ ಬರುತ್ತಿತ್ತು. ಆದರೆ ಅದು ಗೌಡನ ಸುಳ್ಳು ಎಂಬುದು ಊರಿಗೆ ತಿಳಿದಿರುತ್ತಿತ್ತು.

ಈ ತೂಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2012ರ ಆಗಸ್ಟ್‌ನಲ್ಲಿ ಕಂಡಿದೆ. ಅಸ್ಸಾಂನ ಕೊಕ್ರಝಾರ್‌ನಲ್ಲಿ ಗಲಭೆ ನಡೆದಿತ್ತು. ಇಲ್ಲಿನ ಹೋಟೆಲು, ಬ್ಯೂಟಿ ಪಾರ್ಲರು, ಕಾವಲು ಕೆಲಸಗಳಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೊಬೈಲಿಗೆ, ನಿಮ್ಮ ಮೇಲೂ ದಾಳಿಯಾಗಲಿದೆ, ಊರು ಬಿಡಿ ಎಂಬ ಸಂದೇಶಗಳು ಬರತೊಡಗಿದವು. ಸ್ವಾತಂತ್ರ್ಯ ದಿನದ ಸಂಜೆ ಸಿಟಿ ರೈಲ್ವೆ ನಿಲ್ದಾಣ ಸಾವಿರಾರು ಜನರಿಂದ ಕಿಕ್ಕಿರಿಯಿತು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ್ ನಿಲ್ದಾಣಕ್ಕೇ ಹೋಗಿ ಉಳಿಯಿರಿ ಎಂದು ಕೇಳಿಕೊಂಡರೂ ಹೊರಟವರು ಹೊರಟೇ ಹೋದರು. ಏಕೆ? ಸಚಿವರು ಅವರಿಗೆ ಅಪರಿಚಿತರು. ಸಂದೇಶ ಕಳಿಸಿದವನು ಜೊತೆಯಲ್ಲಿ ಕೋಣೆ ಹಂಚಿಕೊಂಡವನು, ತನ್ನೂರಿನವನು. ಅವನ ಪ್ರೀತಿ ನಿಜವಾಗಿತ್ತು, ಕಾಳಜಿಯೂ ನಿಜವಾಗಿತ್ತು. ವಿಷಯ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕಳಿಸಿದವನ ಮೇಲಿನ ವಿಶ್ವಾಸವನ್ನು ಜನ ಸುದ್ದಿಯ ಲೆಕ್ಕಕ್ಕೆ ಜಮಾ ಮಾಡಿಕೊಂಡರು. ಕೇಂದ್ರ ಸರ್ಕಾರ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಕೂಡದೆಂದು ಕೆಲವು ದಿನ ಮಿತಿ ಹೇರಿತು. ರೈಲುಗಳು ಹೋಗಿಯಾಗಿತ್ತು. ಪಾಠ ಅಲ್ಲಿಗೇ ಮರೆತುಹೋಯಿತು.

ಆರು ವರ್ಷಗಳ ಬಳಿಕ ಅದೇ ಮರೆವು ಪ್ರಾಣ ತೆಗೆಯಿತು. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲೆಂದು ತೆಗೆದ ಕಿರುಚಿತ್ರವೊಂದರ ಕೊನೆಯ ಭಾಗ ಕತ್ತರಿಸಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಒಕ್ಕಣೆಯೊಡನೆ ದೇಶದ ತುಂಬ ಹರಿಯಬಿಟ್ಟಿದ್ದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನೊಬ್ಬನನ್ನು ಇದೇ ಗುಮಾನಿಯ ಮೇಲೆ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಸರದಿ. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಪ್ಪಾಯಿತು. ಅವರ ಕಾರಿಗಿಂತ ವೇಗವಾಗಿ ಅವರ ವಿಡಿಯೊ ಮುಂದಿನ ಊರು ತಲುಪಿ, ಜನ ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಒಬ್ಬ ಎಂಜಿನಿಯರ್ ಅಲ್ಲೇ ಸತ್ತ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ಹುಟ್ಟಿದ್ದು ನಗುವುದಕ್ಕೆ. ಅಂದು ಯಾರೂ ನಗಲಿಲ್ಲ.

ಅವರು ಹಳ್ಳಿಯವರು, ಓದದವರು, ನಾವು ಹಾಗಲ್ಲ ಎಂಬ ಸಮಾಧಾನ ನಗರದ ಸುಶಿಕ್ಷಿತರಲ್ಲಿದೆ. ನಮಗೆ ಹೆಚ್ಚು ಭಯ ಹುಟ್ಟಿಸುವುದು ಈ ಸಮಾಧಾನವೇ. ಅಮೆರಿಕದ ಸಂಶೋಧಕರು ಒಬ್ಬ ನಟನಿಗೆ ‘ಡಾ. ಫಾಕ್ಸ್’ ಎಂದು ಹೆಸರಿಟ್ಟು, ದೊಡ್ಡ ಬಿರುದುಗಳನ್ನು ಅಂಟಿಸಿ, ಮನೋವೈದ್ಯರು, ಮನಶ್ಶಾಸ್ತ್ರಜ್ಞರ ಮುಂದೆ ನಿಲ್ಲಿಸಿದರು. ಆತ ಲವಲವಿಕೆಯಿಂದ, ಹಾಸ್ಯ ಬೆರೆಸಿ, ಒಂದಕ್ಕೊಂದು ತಾಳೆಯಾಗದ ಟೊಳ್ಳು ಮಾತುಗಳನ್ನಾಡಿದ. ಹೆಚ್ಚಿನವರು ಮೆಚ್ಚಿದರು, ಒಬ್ಬರಂತೂ ಅವನ ಬರಹಗಳನ್ನು ಓದಿದ್ದೇನೆ ಎಂದರು! 1973ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿ ನಕ್ಕವರೇ ಇಂದು ಸಮವಸ್ತ್ರ ತೊಟ್ಟು ವಿಡಿಯೊ ಕರೆಯಲ್ಲಿ ಗದರಿಸುವವನಿಗೆ ಜೀವಮಾನದ ಉಳಿತಾಯ ವರ್ಗಾಯಿಸುತ್ತಿದ್ದಾರೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಅಂಥದ್ದೊಂದು ಕರೆಯ ಧ್ವನಿಮುದ್ರಣವನ್ನು ಕೇಳಿಸಿದರು, ಕರೆ ಬಂದಿದ್ದು ನಮ್ಮ ವಿಜಯಪುರದವರಿಗೆ. ಇಂಥ ಕರೆಗಳಲ್ಲಿ ಬೆದರಿಸಲು ಬಳಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ. ಆದರೆ ಖಾಕಿ, ಹಿಂದುಗಡೆಯ ಲಾಂಛನ, ದೃಢವಾದ ದನಿ, ಒಂದು ಕೇಸ್ ನಂಬರು ಇದ್ದರೆ ಸಾಕಾಗುತ್ತಿದೆ.

‘ಕೇಳಿದೆ ಅಷ್ಟೇ, ನಂಬಿಲ್ಲ’ ಎನ್ನುವವರೂ ಇದ್ದಾರೆ. ಯೇಲ್ ವಿಶ್ವವಿದ್ಯಾಲಯದ ಹೊವ್‌ಲ್ಯಾಂಡ್ ಮತ್ತು ವೈಸ್ 1951ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ಗಮನಿಸಬೇಕು. ಒಂದೇ ಬರಹವನ್ನು ಕೆಲವರಿಗೆ ಗೌರವಾನ್ವಿತರ ಹೆಸರಿನಲ್ಲೂ ಕೆಲವರಿಗೆ ನಂಬಿಕೆಗೆ ಅರ್ಹವಲ್ಲದ ಮೂಲದ ಹೆಸರಿನಲ್ಲೂ ಕೊಟ್ಟರು. ಓದಿದ ಕೂಡಲೇ ಕೇಳಿದಾಗ ವ್ಯತ್ಯಾಸ ದೊಡ್ಡದಿತ್ತು. ನಾಲ್ಕು ವಾರ ಕಳೆದಾಗ ಅದು ಅಳಿಸಿಹೋಗಿತ್ತು. ಮಾತು ಉಳಿಯಿತು, ಯಾರ ಮಾತು ಎಂಬುದು ಕಳಚಿಕೊಂಡಿತು. ಬೆಳಗ್ಗೆ ನಗುತ್ತಾ ತಳ್ಳಿಹಾಕಿದ ಸುದ್ದಿ ಮುಂದಿನ ತಿಂಗಳು ‘ಎಲ್ಲೋ ಓದಿದ್ದೆ’ ಎಂದು ನಮ್ಮ ಬಾಯಿಂದಲೇ ಹೊರಡುತ್ತದೆ.

ನಮ್ಮ ಪತ್ರಿಕಾ ವೃತ್ತಿಯವರೂ ಇದಕ್ಕೆ ಹೊರತಲ್ಲ. 2016ರ ನವೆಂಬರ್‌ನಲ್ಲಿ ಹೊಸ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಎಂಬ ಸುದ್ದಿಯನ್ನು ಟಿ.ವಿ. ವಾಹಿನಿಗಳೇ ಬಿತ್ತರಿಸಿದವು. ‘ಮೂಲಗಳ ಪ್ರಕಾರ’ ಎಂಬ ಎರಡು ಪದಗಳ ಹಿಂದೆ ಯಾರೂ ಇಲ್ಲದಿದ್ದರೂ ನಡೆಯುತ್ತದೆ ಎಂಬುದು ಆಗಿನಿಂದಲೂ ಬದಲಾಗಿಲ್ಲ. ತಪ್ಪು ಮುಖಪುಟದಲ್ಲಿ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ.

ಹೀಗೇ ಬಿಟ್ಟರೆ ಸುಳ್ಳನ್ನು ನಂಬುವುದು ಕೊನೆಯ ಹಂತವಲ್ಲ. ಅದರ ಮುಂದೆ ನಿಜವನ್ನೂ ನಂಬದ ಹಂತವಿದೆ. ಅದರ ಮುನ್ಸೂಚನೆ 2020ರ ಏಪ್ರಿಲ್‌ನಲ್ಲೇ ಸಿಕ್ಕಿತು. ಕೊರೊನಾ ಸಮೀಕ್ಷೆಗೆ ಬೆಂಗಳೂರಿನಲ್ಲಿ ಮನೆ ಬಾಗಿಲಿಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ಕೇಳಿದರೆ ಹೆಸರು ಹೇಳುವ, ಹುಡುಕಿದರೆ ಸಿಗುವ ಹೆಣ್ಣುಮಗಳು ಆಕೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನದಿಪಾತ್ರದ ಜನರಿಗೆ ಎಚ್ಚರಿಕೆ ಹೋಯಿತು. ಅಂಥ ಎಚ್ಚರಿಕೆ ಇನ್ನೊಮ್ಮೆ ಬರುತ್ತದೆ. ಅದೇ ಫೋನಿಗೆ, ಯಾವುದೋ ದೇಶದ ಪ್ರವಾಹದ ಹಳೆಯ ವಿಡಿಯೊ ಪಕ್ಕದಲ್ಲೇ, ಅದನ್ನು ಕಳಿಸಿದ ಭಾವಮೈದುನನ ಕಡೆಯಿಂದಲೇ ಬರುತ್ತದೆ. ‘ಇಂಥವು ಎಷ್ಟೋ ಬಂದವು’ ಎಂದು ಮಗ್ಗುಲು ಬದಲಿಸುವವರು ಆಗ ಎಷ್ಟು ಮಂದಿ?

ಮುಂದಿನ ಮಳೆಗಾಲದೊಳಗೆ ನದಿಪಾತ್ರದ ಪ್ರತಿ ಗ್ರಾಮಸಭೆಯಲ್ಲಿ, ಎಚ್ಚರಿಕೆ ಕೊಡಬೇಕಾದ ಅಧಿಕಾರಿ ಖುದ್ದಾಗಿ ನಿಂತು ತಮ್ಮ ಹೆಸರು, ಫೋನ್ ಸಂಖ್ಯೆ ಹೇಳಲಿ. ಅವರು ವರ್ಗವಾದರೆ ಬಂದವರೂ ಹೇಳಲಿ. ನೀರು ಏರಿದ ಮೇಲೆ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ.